ನಿಂಬಣ್ಣನ ಗಂಟು, ದಿವಾನನ ಪದವಿ

ಒಂದು ಪೇಟೆ. ಪೇಟೆಯ ತುದಿಗೆ ಒಂದು ಮೆಣಸಿನಕಾಯಿ ಗೋದಾಮು. ಗೋದಾಮಿಗೆ ಒಬ್ಬ ಯಜಮಾನತಿ, ಶಾವಂತ್ರವ್ವ. ಶಾವಂತ್ರವ್ವನಿಗೆ ಒಬ್ಬ ಮಗ, ನಿಂಬಣ್ಣ. ನಿಂಬಣ್ಣನಿಗೆ ಒಂದು ನಾಯಿ, ದಿವಾನ. ಗೋದಾಮಿನ ಒಳಗಿನ ಕೋಣೆಯಲ್ಲೇ ಸಂಸಾರ. ಒಟ್ಟು ಮೂರು ಜೀವ, ಅದರಲ್ಲಿ ಬುದ್ಧಿ ಇದ್ದವರು ಇಬ್ಬರು. ಆ ಇಬ್ಬರಲ್ಲಿ ನಿಂಬಣ್ಣ ಇರಲಿಲ್ಲ.

ಹಾಗಂತ ಕೆಟ್ಟವನಲ್ಲ. ಹೇಳಿದ ಮಾತು ಮೀರುವವನಲ್ಲ. ಅದೇ ತಾಪತ್ರಯ. ಮಾತು ಮೀರುವ ಮಗನನ್ನು ಬೈದು ದಾರಿಗೆ ತರಬಹುದು. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನನ್ನು ಏನೆಂದು ಬೈಯುವುದು? ಬಿಸಿಲಿಗೆ ಹರವಿದ ಮೆಣಸಿನಕಾಯಿ ತಿರುವಿ ಹಾಕು ಅಂದರೆ ಒಂದೊಂದೇ ಕಾಯಿ ಎತ್ತಿ ಮಗ್ಗುಲು ಬದಲಿಸುತ್ತ ಕೂತಿದ್ದ. ಗಿರಾಕಿ ಬಂದರೆ ಕೂಡಿಸು ಅಂದರೆ, "ಅವಸರ ಐತಿ, ನಿಂತೇ ಹೋಗತೀನಿ" ಎಂದವನ ಹೆಗಲು ಒತ್ತಿ ಕೂಡಿಸಿದ್ದ. ಆ ಗಿರಾಕಿ ಮತ್ತೆ ಬರಲಿಲ್ಲ.

ಅವ್ವನ ಮಾತು ಮರೆಯಬಾರದೆಂದು ಹೆಗಲ ಮೇಲಿನ ಟವೆಲ್ಲಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದ. ಹೊಸ ಮಾತು ಬಂತೋ, ಹಳೆಯ ಗಂಟು ಬಿಚ್ಚಿ ಅದೇ ತುದಿಗೆ ಹೊಸ ಗಂಟು. ಟವೆಲ್ಲಿಗೆ ಇನ್ನೂ ಮೂರು ತುದಿ ಇವೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಹೇಳಿಕೊಡಲು ಶಾವಂತ್ರವ್ವನಿಗೂ ಧೈರ್ಯ ಸಾಲದು.

ಗೋದಾಮಿನ ತುಂಬ ಅಡಿವೆಪ್ಪ ಸಾವ್ಕಾರರ ಮಾಲು. ಅವರ ಬಾಡಿಗೆಯಿಂದಲೇ ಶಾವಂತ್ರವ್ವನ ಒಲೆ ಉರಿಯುವುದು. ಆ ವರ್ಷ ಹಿಂಬಾಗಿಲಿನಿಂದ ಚೀಲ ಕಳುವಾದವು. ಸಾವ್ಕಾರರು ಬಂದರು, ಕಟ್ಟೆಯ ಮೇಲೆ ಕೂತರು, ಚಹಾ ಕುಡಿದರು, ಲೋಟ ಕೆಳಗಿಟ್ಟ ಮೇಲೆ ಬಾಯಿ ಬಿಟ್ಟರು.

"ಶಾವಂತ್ರವ್ವ, ನಿನ್ನ ನಾಯಿಗೆ ಪದವಿ ಐತೇನು?"

"ನಾಯಿಗೆ ಪದವಿ? ಬೊಗಳತೈತ್ರಿ ಸಾವ್ಕಾರ್ರ."

"ಬೊಗಳಾಕ ನನ್ನ ಅಳಿಯನೂ ಬೊಗಳತಾನ! ನಮ್ಮ ಬೀಗರ ನಾಯಿ ಮೈದಾನಕ್ಕಿಳಿದು, ಪರೀಕ್ಷಾ ಪಾಸಾಗಿ, ಹೆಸರಿಗೆ ಪದವಿ ಹಚ್ಚಿಕೊಂಡು ಗೋದಾಮಿನ ಮುಂದ ಕುಂತೈತಿ. ಒಂದು ಕಾಯಿ ಕಳುವಾಗಿಲ್ಲ. ಯುಗಾದಿಯೊಳಗ ನಿನ್ನ ನಾಯಿನೂ ಪದವಿ ತರಲಿ. ಇಲ್ಲಂದ್ರ ಯುಗಾದಿ ಮರುದಿನ ನನ್ನ ಮಾಲು ಗಂಗಪ್ಪನ ಗೋದಾಮಿಗೆ."

ಶಾವಂತ್ರವ್ವ ಲೆಕ್ಕ ಹಾಕಿದಳು. ಸಾವ್ಕಾರರ ಮಾಲು ಹೋದರೆ ಗೋದಾಮಿನಲ್ಲಿ ಉಳಿಯುವುದು ಘಾಟು ಮತ್ತು ಇಲಿ. ಎರಡೂ ಬಾಡಿಗೆ ಕೊಡುವುದಿಲ್ಲ.

ನೇರ ಹೋದಳು ಪಕ್ಕದ ಮನೆಯ ದಸ್ತಗೀರನ ಹತ್ತಿರ. ದಸ್ತಗೀರ ಪೊಲೀಸರ ನಾಯಿದಳದಲ್ಲಿದ್ದು ನಿವೃತ್ತನಾದವ. ದಿವಾನನನ್ನು ಮರಿಯಿಂದ ತಿದ್ದಿದವ ಅವನೇ. ಈಗ ಮೊಣಕಾಲು ಹಿಡಿದುಕೊಂಡು ಕಟ್ಟೆ ಬಿಟ್ಟು ಇಳಿಯುತ್ತಿರಲಿಲ್ಲ.

"ದಸ್ತಗೀರಣ್ಣಾ, ನಾಯಿ ಪದವಿ ಎಲ್ಲಿ ಸಿಗತೈತಿ?"

"ಜಿಲ್ಲಾ ಊರಾಗ ನಾಯಿ ಗರಡಿ ಮೂರು ಅದಾವ ತಂಗಿ. ಒಂದೊಂದರದು ಒಂದೊಂದು ಪಟ್ಟು. ಮೊದಲನೇದು ಜರ್ಮನ್ ಪದ್ಧತಿ. ಅಲ್ಲಿ ಜಾಡು ಹಿಡೀಬೇಕು, ಹೇಳಿದ ಮಾತು ಕೇಳಬೇಕು, ಕಳ್ಳನ್ನ ಹಿಡೀಬೇಕು. ಕಳ್ಳನ ವೇಷದವ ಒಂದು ತೋಳಿಗೆ ದಪ್ಪ ಗವಸು ಹಾಕ್ಕೊಂಡಿರತಾನ. ನಾಯಿ ಅಲ್ಲೇ ಬಾಯಿ ಹಾಕಬೇಕು, ಬ್ಯಾರೆ ಕಡೆ ಹಾಕಿದ್ರ ಹೊರಗ."

"ಎರಡನೇದು?"

"ಫ್ರೆಂಚ್ ಪದ್ಧತಿ. ಅಲ್ಲಿ ಜಾಡು ಇಲ್ಲ. ಕಳ್ಳಗ ಮೈತುಂಬ ಗಾದಿಯಂಥ ಅಂಗಿ, ಗಾದಿಯಂಥ ಚಲ್ಲಣ. ಕಾಲಿಗೂ ಬೀಳಬಹುದು. ಗೋಡೆ ಹಾರಬೇಕು, ಬುಟ್ಟಿ ಕಾಯಬೇಕು, ಎದುರಿಗೆ ತಿನಿಸು ಒಗದ್ರ ಮೂಸಬಾರದು. ಮೂರನೇದು ಎಲ್ಲಾ ದೇಶದವರು ಕೂಡಿ ಕಟ್ಟಿದ್ದು, ಮಾಂಡಿಯೊ ಅಂತಾರ. ಅಲ್ಲಿ ಪ್ರತಿ ಸಲ ಹೊಸ ಸೋಗು. ಕೊಡೆ ಬಿಚ್ಚತಾರ, ನೀರು ಉಗ್ಗತಾರ, ಡಬ್ಬಿ ಬಾರಸತಾರ. ನಾಯಿ ಹೆದರಬಾರದು."

"ಅಂದ್ರ ಒಂದು ತೋಳು, ಒಂದು ಕಾಲು, ಒಂದು ಸಂತಿ," ಅಂದಳು ಶಾವಂತ್ರವ್ವ. ಯಾವ ಮಾಲಾದರೂ ಮೊದಲು ದರ್ಜೆ ಹಚ್ಚಿ ಬೇರೆ ಮಾಡುವ ಕೈ ಅವಳದು. "ಪದವಿ ಯಾವುದು ದೊಡ್ಡದು?"

"ಎಲ್ಲಾ ಕಡೆ ಒಂದು, ಎರಡು, ಮೂರು ಅಂತ ಮೆಟ್ಟಲಾ. ತೋಳಿನವರು ಕಾಲಿನವರನ್ನ ಕಂಡು ನಗತಾರ, ಕಾಲಿನವರು ತೋಳಿನವರನ್ನ ಕಂಡು ನಗತಾರ. ಸಾವ್ಕಾರ್ರಿಗೆ ಯಾವುದಾದ್ರೂ ಒಂದು ಸಾಕು."

"ನಾಯಿ ಎಲ್ಲಾ ಕಲತೈತೇನು?"

"ನಾಯಿ ಎಲ್ಲಾ ಕಲತೈತಿ. ಆದ್ರ ಅದರ ಜೋಡಿ ಮೈದಾನಕ್ಕ ಮನಷ್ಯಾ ಒಬ್ಬ ಇಳೀಬೇಕು."

ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು. ನಿಂಬಣ್ಣ ಬಿಸಿಲಲ್ಲಿ ಕೂತು ಒಂದೊಂದೇ ಕಾಯಿಯ ಮಗ್ಗುಲು ಬದಲಿಸುತ್ತಿದ್ದ.

ಮೊದಲು ಜರ್ಮನ್ ಗರಡಿ. ದಸ್ತಗೀರ ನಿಂಬಣ್ಣನ ಭುಜ ಹಿಡಿದು ಹೇಳಿದ: "ನೋಡು ತಮ್ಮಾ, ಜಾಡು ನಾಯಿಗೆ ಗೊತ್ತಾಗತೈತಿ, ನಿನಗ ಗೊತ್ತಾಗಂಗಿಲ್ಲ. ನೀ ಸುಮ್ಮ ನಾಯಿ ಹಿಂದ ಹೋಗು. ನಾಯಿ ಹಿಂದ!"

"ಹೂಂ ಮಾಮಾ." ಗಂಟು ಬಿತ್ತು.

ಶಾವಂತ್ರವ್ವನೂ ಜೊತೆಗೆ ಹೋಗಿ ಬೇಲಿಯ ಆಚೆ ನಿಂತಳು. ಜಾಡಿನ ಪರೀಕ್ಷೆ. ದಿವಾನ ಮೂಗು ನೆಲಕ್ಕಿಟ್ಟ. ಹೊಲದಲ್ಲಿ ಯಾರೋ ನಡೆದು ಹೋದ ಹೆಜ್ಜೆ ಹಿಡಿದು, ತಿರುವಿನಲ್ಲಿ ತಿರುಗಿ, ಬೀಳಿಸಿಟ್ಟ ತೊಗಲಿನ ತುಂಡಿನ ಮುಂದೆ ಮಲಗಿ ತೋರಿಸಿದ. ಹಿಂದೆ ಉದ್ದ ಹಗ್ಗ ಹಿಡಿದು ನಿಂಬಣ್ಣ. ತೀರ್ಪು ಕೊಡುವ ಪಂಚರು ತಲೆದೂಗಿದರು. ಶಾವಂತ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗ ಏನಾದರೂ ಸರಿಯಾಗಿ ಮಾಡಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಆಮೇಲೆ ಮಾತು ಕೇಳುವ ಪರೀಕ್ಷೆ. ಮನುಷ್ಯ ಮುಂದೆ ನಡೆಯಬೇಕು, ನಾಯಿ ಅವನ ಎಡಗಾಲಿಗೆ ಅಂಟಿಕೊಂಡು ಬರಬೇಕು. ಪಂಚರು "ನಡೀರಿ" ಅಂದರು. ದಿವಾನ ಬಂದು ಎಡಕ್ಕೆ ಕೂತ. ನಿಂಬಣ್ಣ ಗಂಟು ಮುಟ್ಟಿಕೊಂಡು ನಾಯಿಯ ಹಿಂದೆ ಹೋದ. ದಿವಾನ ತಿರುಗಿ ಬಂದು ಎಡಕ್ಕೆ ನಿಂತ. ನಿಂಬಣ್ಣ ಮತ್ತೆ ಹಿಂದೆ ಹೋದ. ಇವನು ಹಿಂದೆ, ಅದು ಎಡಕ್ಕೆ. ಅದು ಎಡಕ್ಕೆ, ಇವನು ಹಿಂದೆ. ಗಾಣಕ್ಕೆ ಹೂಡಿದಂತೆ ಇಬ್ಬರೂ ಮೈದಾನದ ನಡುವೆ ಗಿರಗಿರ! ಎಣ್ಣೆ ಒಂದು ಬರಲಿಲ್ಲ.

"ಏ ನಿಲ್ಲಸ್ರಿ! ನನಗ ತಲಿ ತಿರಗಾಕತ್ತೈತಿ!" ಎಂದು ಪಂಚರು ಕುರ್ಚಿ ಹಿಡಿದುಕೊಂಡರು.

ಪದವಿ ಇಲ್ಲದೆ ವಾಪಸ್ಸು ಬರುವ ಬಸ್ಸಿನ ತುಂಬ ಶಾವಂತ್ರವ್ವನ ಬೈಗುಳ. "ಖೋಡಿ! ನಾಯಿ ಹಿಂದ ಯಾಕ ಸುತ್ತಿದಿ?"

"ಮಾಮಾ ಹೇಳಿದ್ದ, ಯವ್ವಾ."

"ಅದು ಜಾಡಿಗಲೇ! ಮನಷ್ಯಾ ಆದವ ಮುಂದ ಇರಬೇಕು. ಇನ್ನ ಏನ ಆಗಲಿ, ಎಲ್ಲಾದಕ್ಕೂ ನಾಯಿಗಿಂತ ಮೊದಲ ನೀ ಇರಬೇಕು! ತಿಳೀತೇನು?"

"ತಿಳೀತು ಯವ್ವಾ." ಹಳೆಯ ಗಂಟು ಬಿಚ್ಚಿತು, ಹೊಸ ಗಂಟು ಬಿತ್ತು.

ಫ್ರೆಂಚ್ ಗರಡಿಯ ಪರೀಕ್ಷೆಯ ದಿನ ಪೇಟೆಯಲ್ಲಿ ಮಾಲು ಹರಾಜಾಗುವ ಲಿಲಾವು. ಶಾವಂತ್ರವ್ವನಿಗೆ ಹೋಗಲಾಗಲಿಲ್ಲ. ಸಂಜೆ ನಿಂಬಣ್ಣ ಬಂದ. ಮೊಣಕೈ ತರಚಿತ್ತು. ಹಲ್ಲಿನ ಸಂದಿಯಲ್ಲಿ ಸೆಣಬಿನ ನಾರು ಜೋತಾಡುತ್ತಿತ್ತು. ದಿವಾನ ಅವನಿಂದ ನಾಲ್ಕು ಮಾರು ದೂರ, ಪರಿಚಯವಿಲ್ಲದವನಂತೆ ಬರುತ್ತಿದ್ದ.

"ಬಾಯಾಗ ಏನಲೇ ಅದು?"

"ಕಳ್ಳ, ಯವ್ವಾ."

ಶಾವಂತ್ರವ್ವ ಅಲ್ಲೇ ಚೀಲದ ಮೇಲೆ ಕುಸಿದಳು. "ಮೊದಲಿಂದ ಹೇಳು."

"ಮೊದಲು ಗೋಡಿ ಹಾರೋದಿತ್ತು. ನಾಯಿಗಿಂತ ಮೊದಲ ನಾ ಹಾರಿದೆ. ಮೊಣಕೈ ಮ್ಯಾಲ ಬಿದ್ದೆ."

"ಆಮ್ಯಾಲ?"

"ನಾಯಿ ಮುಂದ ಬಿಸ್ಕೀಟ ಒಗದ್ರು. ನಾಯಿಗಿಂತ ಮೊದಲ ನಾ ತಿಂದೆ. ಚಲೋ ಇದ್ವು."

"ಅಯ್ಯೋ ಶಿವನ! ಆಮ್ಯಾಲ?"

"ಕಳ್ಳ ಬಂದ. ಪಂಚರು 'ಬಿಡ್ರಿ ನಾಯೀನ' ಅಂದ್ರು. ನಾಯಿಗಿಂತ ಮೊದಲ ನಾ ಓಡಿ ಹೋಗಿ ಅವನ ತೊಡಿ ಹಿಡಿದೆ."

"ಬಾಯಿಲೆ?"

"ಮತ್ತ ಬಾಯಿಲೆ ಅಲ್ಲೇನು, ಯವ್ವಾ? ಗಾದಿ ದಪ್ಪಿತ್ತು, ಅವಗ ಮೊದಲು ಗೊತ್ತಾಗಲಿಲ್ಲ. ಕೆಳಗ ನೋಡಿದ. ನನ್ನ ಕಂಡು ಚೀರಿದ. ಹನ್ನೆರಡು ವರ್ಷ ನಾಯಿ ಕಡೆ ಕಡಿಸಿಕೊಂಡವ ಅಂತ, ಬೇಲಿ ಹಾರಿ ಓಡಿ ಹೋದ. ಪಂಚರು ನನ್ನ ಬೆನ್ನ ಚಪ್ಪರಿಸಿದ್ರು. 'ಹಿಡಿತ ಭೇಷ್ ಐತಿ. ಆದ್ರ ಚೀಟಿಯೊಳಗ ನಾಯಿ ಹೆಸರೈತಿ' ಅಂದ್ರು."

"ನಾಯಿ ಏನ ಮಾಡತಿತ್ತು?"

"ಕುಂತು ನೋಡತಿತ್ತು."

ಶಾವಂತ್ರವ್ವ ಹಣೆ ಚಚ್ಚಿಕೊಂಡಳು. ಯುಗಾದಿ ಹತ್ತಿರ ಬಂದಿತ್ತು, ಉಳಿದದ್ದು ಒಂದೇ ಗರಡಿ. "ನಿನ್ನ ಬಾಯಿಗಿಷ್ಟು ಬೆಂಕಿ ಹಾಕಲಿ! ಕಚ್ಚಾಕ ನಾಯಿ ಐತಿ, ತಿನ್ನಾಕ ಮನ್ಯಾಗ ರೊಟ್ಟಿ ಐತಿ! ಇನ್ನ ಮೈದಾನದಾಗ ಏನ ಆದ್ರೂ ಬಾಯಿ ತೆರೀಬ್ಯಾಡ! ಆಕಾಶ ಕಳಚಿ ಬಿದ್ರೂ ಬಾಯಿ ತೆರೀಬ್ಯಾಡ!"

"ಹೂಂ" ಎನ್ನಲು ಬಾಯಿ ತೆರೆದ. ನೆನಪಾಗಿ ಮುಚ್ಚಿದ. ಗಂಟು ಬಿತ್ತು.

ಮಾಂಡಿಯೊ ಪರೀಕ್ಷೆಯ ದಿನ ಶಾವಂತ್ರವ್ವನಿಗೆ ನೋಡುವ ಧೈರ್ಯವಾಗಲಿಲ್ಲ. ದಸ್ತಗೀರನ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಮಧ್ಯಾಹ್ನ ಅವನ ಫೋನು ಹೊಡೆದುಕೊಂಡಿತು.

"ಹಲೋ, ಗರಡಿಯಿಂದ ಪಂಚ ಮಾತಾಡತೀನಿ. ಇಲ್ಲಿ ಒಂದು ನಾಯಿ, ಒಬ್ಬ ಮನಷ್ಯಾ ಬಂದಾರ. ನಾಯಿ ಕೊರಳಾಗ ಈ ನಂಬರ ಐತಿ. ನಿಮ್ಮವೇನ್ರಿ?"

"ನಾಯಿ ನನ್ನ ಕೈಯಾಗ ಬೆಳದದ್ರಿ," ಅಂದ ದಸ್ತಗೀರ. ಮನುಷ್ಯನ ಪಾಲು ಬಂದಾಗ ಫೋನನ್ನು ಶಾವಂತ್ರವ್ವನ ಕೈಗೆ ಕೊಟ್ಟ.

"ಏನಾತ್ರಿ ಪಂಚರ?"

"ಏನ ಹೇಳಲಿ ತಾಯಿ! ನಾಯಿ ಅಂದ್ರ ನಾಯಿ! ಕೊಡೆ ಬಿಚ್ಚಿದ್ವಿ, ಹೆದರಲಿಲ್ಲ. ಕೊಡಗಟ್ಟಲೆ ನೀರು ಉಗ್ಗಿದ್ವಿ, ಹೆದರಲಿಲ್ಲ. ಹೋಗಿ ಕಳ್ಳನ ಕಾಲು ಹಿಡೀತು. ಏನು ಹಿಡಿತ! ಈಗ 'ಬಿಡು' ಅಂದ್ರ ಬಿಡಬೇಕು, ಅಲ್ಲಿಗೆ ಪದವಿ ಕೈಯಾಗ. ಆದ್ರ ನಿಮ್ಮ ಮಗ 'ಬಿಡು' ಅನ್ನವಲ್ಲ!"

"ಅನ್ನವಲ್ಲ?"

"ಎರಡೂ ಕೈಲೆ ಬಾಯಿ ಮುಚ್ಚಿಕೊಂಡು ನಿಂತಾನ! ನಾವೆಲ್ಲಾ ಬಿಡು ಬಿಡು ಅಂದು ಗಂಟಲಾ ಹರಕೊಂಡ್ವಿ. ನಾಯಿ ನಮ್ಮ ಮಾತು ಕೇಳವಲ್ದು. ಕಳ್ಳ ಒಂಟಿಕಾಲಾಗ ನಿಂತಾನ. ಅಲ್ಲೇ ಚಹಾ ತರಿಸಿ ಕುಡಿಸೇವಿ. ಊಟಕ್ಕೂ ಅಲ್ಲೇ ಬಡಸೂದೇನು?"

ಹಿಂದಿನಿಂದ ಕಳ್ಳನ ದನಿ ಕೇಳಿಸಿತು: "ಬಿಡಸ್ರೋ ಮಾರಾಯರಾ, ಮನ್ಯಾಗ ಹೆಂಡ್ತಿ ಕಾಯಾಕತ್ತಾಳ!"

ದಸ್ತಗೀರ ಫೋನು ಕಿತ್ತುಕೊಂಡ. "ಫೋನು ನಾಯಿ ಕಿವಿಗೆ ಹಿಡೀರಿ. ಹಿಡಿದ್ರಾ? ದಿವಾನ್! ಬಿಡು!"

ಆಚೆ ಧೊಪ್ಪೆಂದು ಮನುಷ್ಯನೊಬ್ಬ ನೆಲಕ್ಕೆ ಬಿದ್ದ ಸದ್ದು.

"ನಾಯಿಗೆ ಪದವಿ ಕೊಡಾಕ ನಮಗೇನೂ ಅಡ್ಡಿ ಇಲ್ಲ," ಅಂದರು ಪಂಚರು. "ಆದ್ರ ಈ ಆಟದಾಗ ಪದವಿ ಜೋಡಿಗೆ ಸಲ್ಲತೈತಿ. ಒಬ್ಬರಿಗೇ ಹರಿದು ಕೊಡಾಕ ಬರಂಗಿಲ್ಲ."

ಸಂಜೆ ನಿಂಬಣ್ಣ ಬಂದ. ಬಾಯಿ ಇನ್ನೂ ಮುಚ್ಚಿಯೇ ಇತ್ತು. ಅವ್ವ ಟವೆಲ್ಲಿನ ಗಂಟು ಬಿಚ್ಚಿದ ಮೇಲೆ ಉಸಿರು ಬಿಟ್ಟ.

"ನನ್ನ ಹೊಟ್ಯಾಗ ಎಂಥಾ ಮುತ್ತು ಹುಟ್ಟಿತೋ! ಒಂದು ಮಾತು, ಒಂದೇ ಒಂದು ಮಾತು ಅನ್ನಾಕ ನಿನಗ ಏನಾಗಿತ್ತು? ಕೇಳಿಲ್ಲಿ. ಇನ್ನ ಮ್ಯಾಲ ನಾಯಿ ಯಾರನ್ನರ ಹಿಡಿದ ಕೂಡ್ಲೇ 'ಬಿಡು' ಅನ್ನಬೇಕು. ಹಿಡಿದ ಕೂಡ್ಲೇ!"

"ಹಿಡಿದ ಕೂಡ್ಲೇ," ಅಂದ ನಿಂಬಣ್ಣ. ಗಂಟು ಬಿತ್ತು.

ಯುಗಾದಿಗೆ ಮೂರೇ ದಿನ ಉಳಿದಿರುವಾಗ ಹಾಡಹಗಲೇ ಕಳ್ಳ ಬಂದ. ಈ ಸಲದವ ಗವಸು ಹಾಕಿಕೊಂಡಿರಲಿಲ್ಲ, ಗಾದಿಯ ಅಂಗಿ ತೊಟ್ಟಿರಲಿಲ್ಲ. ಶಾವಂತ್ರವ್ವ ಬೆಲ್ಲ ಬೇಳೆ ತರಲು ಹೋಗಿದ್ದವಳು ಓಣಿಯ ತಿರುವಿಗೆ ಬಂದಾಗ ಕೇಳಿಸಿದ್ದು ಮಗನ ದನಿ. "ಬಿಡು!" ಸ್ವಲ್ಪ ಹೊತ್ತಿಗೆ ಮತ್ತೆ, "ಬಿಡು!" ಕೈಯ ಚೀಲ ಅಲ್ಲೇ ಒಗೆದು ಓಡಿ ಬಂದಳು. ಹಿಂಬಾಗಿಲಲ್ಲಿ ಕಳ್ಳ. ಹೆಗಲ ಮೇಲೆ ಚೀಲ. ದಿವಾನ ಹಾರಿ ಅವನ ತೋಳು ಹಿಡಿದ. "ಬಿಡು!" ಅಂದ ನಿಂಬಣ್ಣ. ದಿವಾನ ಬಿಟ್ಟ. ಹಳೆಯ ಗುಮಾಸ್ತ ಹೊಸ ಧಣಿಯನ್ನು ನೋಡುವ ಹಾಗೆ ನಿಂಬಣ್ಣನನ್ನು ಒಮ್ಮೆ ನೋಡಿದ. ಕಾಲು ಹಿಡಿದ. "ಬಿಡು!" ಬಿಟ್ಟ.

"ದೇವರು ನಿನ್ನ ಚಂದ ಇಟ್ಟಿರಲಿ ತಮ್ಮಾ," ಅಂದ ಕಳ್ಳ. ಶಾವಂತ್ರವ್ವ ಹತ್ತಿರ ಬರುವಷ್ಟರಲ್ಲಿ ಚೀಲ ಸರಿಮಾಡಿಕೊಂಡು ನಡೆದೇ ಹೋದ. ಓಡುವ ಅಗತ್ಯ ಅವನಿಗೆ ಕಾಣಲಿಲ್ಲ.

ಶಾವಂತ್ರವ್ವ ಬೈಯಲು ಬಾಯಿ ತೆರೆದಳು. ಓಣಿಯ ಕಾಗೆಗಳೆಲ್ಲ ಹಾರಿದವು. "ಕಳ್ಳನ್ನ ಹಿಡಿದಾಗ ಬಿಡು ಅಂತಾರೇನಲೇ, ಹೇತ್ಲಾಂಡಿ! ಸಾವ್ಕಾರ್ರಿಗೆ ಏನ ಮಾರಿ ತೋರಸ್ಲಿ? ಗಂಟು ಹಾಕ್ಕೋ! ಗಟ್ಟಿ ಹಾಕ್ಕೋ! ಈ ಗೋದಾಮಿನ್ಯಾಗಿಂದ ಚೀಲ ಹೊರಗ ಒಯ್ಯವ ಯಾವನೇ ಇರಲಿ, ನಾಯಿ ಬಿಟ್ಟು ಹಿಡಸು! ಹಿಡಿದ ಮ್ಯಾಲ ಬಿಡಬ್ಯಾಡ! ದೇವರು ಬಂದ್ರೂ ಬಿಡಬ್ಯಾಡ!"

"ದೇವರು ಬಂದ್ರೂ," ಅಂದ ನಿಂಬಣ್ಣ. ಗಟ್ಟಿಯಾಗಿಯೇ ಹಾಕಿಕೊಂಡ.

ಬೇವು ಬೆಲ್ಲದ ದಿನ ಕಳೆಯಿತು. ಮರುದಿನ ದೇವರು ಬರಲಿಲ್ಲ, ಅಡಿವೆಪ್ಪ ಸಾವ್ಕಾರರು ಬಂದರು. ಜೊತೆಗೆ ಟ್ರ್ಯಾಕ್ಟರು, ಮೂರು ಮಂದಿ ಹಮಾಲರು.

"ಪದವಿ ಬಂತೇನು ಶಾವಂತ್ರವ್ವ?"

"ಬರಲಿಲ್ರಿ," ಅಂದಳು. ಸುಳ್ಳು ಹೇಳಿದರೆ ನಾಳೆ ತೂಕಕ್ಕೆ ಬರುತ್ತದೆಂದು ಅವಳಿಗೆ ಗೊತ್ತಿತ್ತು.

"ಹಂಗಾರ ಎತ್ತರಲೇ ಚೀಲ!"

ಮೊದಲನೆಯ ಹಮಾಲ ಚೀಲ ಹೊತ್ತು ಹೊಸ್ತಿಲು ದಾಟಿದ. ನಿಂಬಣ್ಣ ಗಂಟು ಮುಟ್ಟಿಕೊಂಡ. "ದಿವಾನ್! ಹಿಡಿ!"

ಚೀಲ ನೆಲಕ್ಕೆ. ಹಮಾಲರು ಮೂವರೂ ಟ್ರ್ಯಾಕ್ಟರಿನ ಮೇಲಕ್ಕೆ. ಸಾವ್ಕಾರರಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಮಾಲು! ನನ್ನ ಚೀಲ! ತಡಿಯಾಕ ನೀ ಯಾವನಲೇ?" ಎಂದು ತಾವೇ ಚೀಲದ ಕಿವಿ ಹಿಡಿದು ಎಳೆದರು.

ದಿವಾನ ಬಂದ. ಕಾಲು ನೋಡಿದ, ಧೋತರವಿತ್ತು. ತೋಳು ನೋಡಿದ, ಬಿಸಿಲಿಗೂ ಬಿಡದ ದಪ್ಪ ಉಣ್ಣೆಯ ಕೋಟಿತ್ತು. ದೊಡ್ಡ ಮನುಷ್ಯರ ಧೋತರಕ್ಕೆ ಬಾಯಿ ಹಾಕುವುದು ಮರ್ಯಾದೆಯಲ್ಲ ಎಂದುಕೊಂಡನೋ ಏನೋ, ಜರ್ಮನ್ ಪದ್ಧತಿಯಲ್ಲಿ ತೋಳು ಹಿಡಿದ. ಕೋಟಿಗೆ ಹಲ್ಲು ಇಳಿಯಿತು, ಚರ್ಮಕ್ಕೆ ತಾಗಲಿಲ್ಲ. ತೋಳು ಮಾತ್ರ ಅಲ್ಲಾಡಲಿಲ್ಲ.

"ಶಾವಂತ್ರವ್ವಾ! ಬಿಡಸು!"

"ನಿಂಬ್ಯಾ! ಬಿಡು ಅನ್ನಲೇ!"

"ಒಲ್ಲೆ ಯವ್ವಾ. ದೇವರು ಬಂದ್ರೂ ಬಿಡಬ್ಯಾಡ ಅಂದಿ."

ಗಾಬರಿಯಿಂದ ಗಂಟು ಬಿಚ್ಚಲು ಹೊರಟ ಶಾವಂತ್ರವ್ವನ ಕೈ ಅರ್ಧಕ್ಕೆ ನಿಂತಿತು. ಪೇಟೆಯಲ್ಲಿ ತಲೆ ನರೆತವಳು. ಗಿರಾಕಿಯ ಕೈ ಒಮ್ಮೆ ಹಿಡಿತಕ್ಕೆ ಬಂದ ಮೇಲೆ ಮಾತು ಮುಗಿಯುವ ತನಕ ಬಿಡಬಾರದು ಎಂಬುದು ಅವಳಿಗೆ ಯಾವ ಗರಡಿಯೂ ಕಲಿಸಬೇಕಾಗಿರಲಿಲ್ಲ.

"ಸಾವ್ಕಾರ್ರ, ಒಂದು ಮಾತು ಕೇಳ್ರಿ. ಮಾಲಿನ ಮಾಲಕನಿಗೇ ಚೀಲ ಕೊಡದ ನಾಯಿ ಕಳ್ಳಗ ಕೊಟ್ಟೀತೇನ್ರಿ?"

ಸಾವ್ಕಾರರು ತೋಳು ನೋಡಿದರು, ನಾಯಿ ನೋಡಿದರು. ಅವರೂ ವ್ಯಾಪಾರಿಯೇ. "ಮಾತೇನೋ ಖರೆ."

"ಹಂಗಾರ ಮಾಲು ಇಲ್ಲೇ ಇರತೈತಿ?"

"ಇರತೈತಿ! ಬಿಡಸು!"

"ಬರೋ ಸುಗ್ಗೀದೂ?"

"ಅದೂ ಇಲ್ಲೇ! ಬಿಡಸವ್ವಾ!"

ಆಗ ಗಂಟು ಬಿಚ್ಚಿದಳು. ನಿಂಬಣ್ಣ ಕೇಳಿದ, "ಈಗ ಏನ ಅನ್ಲಿ ಯವ್ವಾ?" "ಬಿಡು ಅನ್ನು." "ಬಿಡು." ದಿವಾನ ಬಿಟ್ಟು ಎಡಕ್ಕೆ ಬಂದು ಕೂತ.

ಸಾವ್ಕಾರರು ತೋಳು ಉಜ್ಜಿಕೊಂಡರು. "ಹಂಗಾರ ಇದಕ್ಕ ಯಾವ ಪದವಿ ಅಂತ ಹೇಳೂದು?"

"ಈಗ ಬಂತಲ್ರಿ. ನಿಮ್ಮ ಕೋಟಿನ ಮ್ಯಾಲ ಬರದೈತಿ," ಅಂದಳು ಶಾವಂತ್ರವ್ವ.

ಸಾವ್ಕಾರರು ನಕ್ಕರು. ಕೋಟು ಹರಿದದ್ದನ್ನು ಮರೆತು ನಕ್ಕರು. ಹೋಗುವಾಗ ಮೆಚ್ಚಿ ನಿಂಬಣ್ಣನ ಹೆಗಲ ಮೇಲೆ ಕೈಯಿಟ್ಟರು. ಶಾವಂತ್ರವ್ವ ಆಗ ಚಹಾದ ಲೋಟ ಒಳಗೆ ಇಡಲು ಹೋಗಿದ್ದಳು. ಇದ್ದಿದ್ದರೆ ಅವರ ಬಾಯಿ ಮುಚ್ಚುತ್ತಿದ್ದಳು.

"ಭೇಷ್ ತಮ್ಮಾ! ಇಷ್ಟ ನೆನಪಿಟ್ಕೋ. ಹೊತ್ತು ಮುಳುಗಿ ಅಗಳಿ ಹಾಕಿದ ಮ್ಯಾಲ ಯಾರ ಬಂದ್ರೂ, ಏನ ಹೇಳಿದ್ರೂ, ಬಾಗಿಲಾ ತಗೀಬ್ಯಾಡ."

"ಹೂಂ ರೀ ಸಾವ್ಕಾರ್ರ." ಗಂಟು ಬಿತ್ತು.

ಸಂಜೆ ಶಾವಂತ್ರವ್ವ ಮಿಕ್ಕ ಹೋಳಿಗೆ ಕಟ್ಟಿಕೊಂಡು, ದಿವಾನನನ್ನು ಕರೆದುಕೊಂಡು ದಸ್ತಗೀರನ ಮನೆಗೆ ಹೋದಳು. ಕೋಟಿನ ಕತೆ ಹೇಳಿ, ನಕ್ಕು, ಮತ್ತೊಮ್ಮೆ ಹೇಳಿ ಎದ್ದು ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಬಾಗಿಲು ತಟ್ಟಿದಳು.

"ಯಾರು?"

"ನಾನಲೇ, ನಿನ್ನ ಅವ್ವ!"

"ಗೊತ್ತಾತು ಯವ್ವಾ. ದನಿ ಗುರ್ತು ಸಿಕ್ಕತು."

"ಮತ್ತ ತಗಿ ಬಾಗಿಲಾ!"

"ಯಾರ ಬಂದ್ರೂ ತಗೀಬ್ಯಾಡ ಅಂತ ಸಾವ್ಕಾರ್ರು ಹೇಳ್ಯಾರ."

"ಆ ಗಂಟು ಬಿಚ್ಚಲೇ, ನಿನಗ ಕೈ ಮುಗೀತೀನಿ!"

"ಏನ ಹೇಳಿದ್ರೂ ಅಂದಾರ, ಯವ್ವಾ."

ಶಾವಂತ್ರವ್ವ ಸ್ವಲ್ಪ ಹೊತ್ತು ಯೋಚಿಸಿದಳು. "ಹೋಗಿ ಸಾವ್ಕಾರ್ರನ್ನೇ ಕರಕೊಂಡು ಬರತೀನಿ. ಅವರಿಗರ ತಗೀತೀಯೇನು?"

ಒಳಗೆ ನಿಂಬಣ್ಣನೂ ಯೋಚಿಸಿದ. "ಇಲ್ಲ ಯವ್ವಾ. ಅವರೂ ಯಾರೋ ಒಬ್ಬರ ಅಲ್ಲೇನು?"

ಶಾವಂತ್ರವ್ವ ಕಟ್ಟೆಯ ಮೇಲೆ ಸೆರಗು ಹಾಸಿಕೊಂಡು ಕೂತಳು. ದಿವಾನ ಬಂದು ಅವಳ ಎಡಕ್ಕೆ ಕೂತ. ಬುದ್ಧಿ ಇದ್ದ ಇಬ್ಬರು ಹೊರಗೆ, ಇಲ್ಲದವನೊಬ್ಬ ಒಳಗೆ. ಮಾಲು ಮಾತ್ರ ಭದ್ರ. ಆ ಸೀಮೆಯಲ್ಲೇ ಅಂಥ ಭದ್ರವಾದ ಗೋದಾಮು ಇನ್ನೊಂದಿಲ್ಲ. ಬೇಕಿದ್ದರೆ ಶಾವಂತ್ರವ್ವನನ್ನೇ ಕೇಳಿ, ಕಟ್ಟೆಯ ಮೇಲೆ ಸಿಗುತ್ತಾಳೆ.